ಇಳಿಜಾರಿನ ಬೈಸಿಕಲ್ಲಿಗೆ ಎಂಥ ಟೈರು?

ಆಸ್ಟ್ರಿಯ ದೇಶದ ಲಿಯೋಗಾಂಗ್ ಎಂಬ ಊರಿನ ಬೆಟ್ಟದಲ್ಲಿ 2015ನೆಯ ಇಸವಿಯ ಜೂನ್ ತಿಂಗಳಲ್ಲಿ ಒಂದು ಸೋಜಿಗ ನಡೆಯಿತು. ಅಂದು ಅಲ್ಲಿ ಬೆಟ್ಟದ ಬೈಸಿಕಲ್ಲುಗಳ ವಿಶ್ವಕಪ್ ಇಳಿಜಾರು ಪಂದ್ಯ. ಈ ಪಂದ್ಯದಲ್ಲಿ ಸವಾರರು ಒಬ್ಬೊಬ್ಬರಾಗಿ ಮೇಲಿನಿಂದ ಹೊರಟು, ಬೇರು, ಬಂಡೆ, ಕಡಿದಾದ ತಿರುವುಗಳನ್ನು ದಾಟಿ ಬುಡಕ್ಕೆ ಇಳಿಯಬೇಕು. ಎಲ್ಲರಿಗಿಂತ ಕಡಮೆ ಕಾಲದಲ್ಲಿ ಇಳಿದವನು ಗೆದ್ದಂತೆ. ಅಮೆರಿಕದ ಆರನ್ ಗ್ವಿನ್ ಎಂಬ ಸವಾರನು ಹೊರಟ ಮರುಗಳಿಗೆಯಲ್ಲೇ ಅವನ ಬೈಸಿಕಲ್ಲಿನ ಚೈನು ತುಂಡಾಯಿತು. ಇನ್ನು ಪೆಡಲು ತುಳಿದರೂ ಚಕ್ರಕ್ಕೆ ಬಲ ಹೋಗದು. ಆದರೂ ಅವನು ನಿಲ್ಲಲಿಲ್ಲ. ಬುಡವನ್ನು ಮುಟ್ಟಿದಾಗ ನೋಡಿದರೆ, ಚೈನು ಸರಿಯಾಗಿದ್ದ ಎಲ್ಲರನ್ನೂ ಅವನು ಸೋಲಿಸಿದ್ದನು!

ಇದೇ ಸವಾರನು ಇದೇ ಬೆಟ್ಟದಲ್ಲಿ ಹಿಂದಿನ ವರ್ಷ, ಎಂದರೆ 2014ರಲ್ಲಿ, ಬೇರೊಂದು ಆಪತ್ತಿಗೆ ಸಿಕ್ಕಿದ್ದನು. ಆಗ ಚೈನು ನೆಟ್ಟಗಿತ್ತು; ಹಿಂದಿನ ಟೈರಿನ ಗಾಳಿ ಹೋಯಿತು. ಟೈರು ಕಳಚಿಹೋಗಿ, ಬರಿಯ ರಿಮ್ಮಿನ ಮೇಲೆ ಅವನು ಕೆಳಗಿಳಿಯಬೇಕಾಯಿತು. ಆ ಸಲದ ಗೆಲುವು ಬೇರೆಯವರದಾಯಿತು.

ಚೈನಿಲ್ಲದೆ ಗೆದ್ದವನು ಟೈರಿಲ್ಲದೆ ಸೋತುದೇಕೆ? ಈ ಪ್ರಶ್ನೆಯಲ್ಲಿ ಭೌತವಿಜ್ಞಾನದ ಸ್ವಾರಸ್ಯವಾದ ಪಾಠವೊಂದು ಅಡಗಿದೆ. ಟೈರನ್ನು ಆರಿಸುವವರ ಮುಂದೆ ಸದಾ ಇರುವ ತೊಡಕೂ ಅದರಲ್ಲಿಯೇ ಇದೆ. ಟೈರು ನೆಲವನ್ನು ಬಿಗಿಯಾಗಿ ಹಿಡಿಯಬೇಕು. ಹಗುರವಾಗಿ ಉರುಳಲೂ ಬೇಕು. ಮೊದಲನೆಯ ಗುಣವನ್ನು ‘ಹಿಡಿತ’ ಎಂದೂ ಎರಡನೆಯದನ್ನು ‘ಓಟ’ ಎಂದೂ ಕರೆಯೋಣ. ಎರಡೂ ಒಟ್ಟಿಗೆ ದೊರೆಯುವುದು ದುರ್ಲಭ. ಅದೇಕೆ ಹಾಗೆ, ಒಂದನ್ನು ಕೊಂಚ ಬಿಟ್ಟುಕೊಡಲೇಬೇಕಾದರೆ ಯಾವುದನ್ನು, ಎಲ್ಲಿ ಬಿಡಬೇಕು ಎಂಬುದನ್ನು ಪರಿಶೀಲಿಸೋಣ.

ಬೆಟ್ಟವು ಕೊಡುವ ಶಕ್ತಿ

ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಎಂಬಲ್ಲಿ ಒಂದು ಪ್ರಸಿದ್ಧ ಇಳಿಜಾರು ದಾರಿಯಿದೆ. 2007 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಪಂದ್ಯಗಳು ನಡೆದುದು ಅಲ್ಲಿಯೇ. ಅದರ ಉದ್ದ ಸುಮಾರು 2,800 ಮೀಟರು. ಮೇಲಿನ ತುದಿಗೂ ಕೆಳಗಿನ ತುದಿಗೂ ಎತ್ತರದ ಅಂತರ ಸುಮಾರು 555 ಮೀಟರು. ನುರಿತ ಸವಾರರು ಇದನ್ನು ಸುಮಾರು ನಾಲ್ಕೂವರೆ ನಿಮಿಷಗಳಲ್ಲಿ ಇಳಿದುಬಿಡುತ್ತಾರೆ. ಸರಾಸರಿ ವೇಗ ಸೆಕೆಂಡಿಗೆ 10 ಮೀಟರಿಗೂ ಸ್ವಲ್ಪ ಹೆಚ್ಚು.

ಸವಾರನೂ ಬೈಸಿಕಲ್ಲೂ ಸೇರಿ 100 ಕಿಲೋಗ್ರಾಂ ಎಂದು ಹಿಡಿಯೋಣ. ಶಿಖರದಲ್ಲಿ ಅವರಿಗಿರುವ ಸ್ಥಾನಶಕ್ತಿಯು 100 × 9.8 × 555, ಎಂದರೆ ಸುಮಾರು 5 ಲಕ್ಷದ 44 ಸಾವಿರ ಜೌಲ್. ಬುಡದಲ್ಲಿ ಅವನು ಸೆಕೆಂಡಿಗೆ 12 ಮೀಟರು ವೇಗದಿಂದ ಬಂದರೆ ಅವನ ಚಲನಶಕ್ತಿ 7,200 ಜೌಲ್ ಮಾತ್ರ. ಮಿಕ್ಕ ಸುಮಾರು 5 ಲಕ್ಷದ 37 ಸಾವಿರ ಜೌಲುಗಳು ಎಲ್ಲಿ ಹೋದವು? ಗಾಳಿಯನ್ನು ಸೀಳಲು ಒಂದು ಪಾಲು, ಚಕ್ರಗಳ ಅಘಾತ ತಡೆಯುವ ಸ್ಪ್ರಿಂಗು ಮತ್ತು ಎಣ್ಣೆಯ ಕೊಳವೆಗಳಿಗೆ ಒಂದು ಪಾಲು, ಟೈರು ಮತ್ತು ಮಣ್ಣಿಗೆ ಒಂದು ಪಾಲು. ಬ್ರೇಕುಗಳಿಗಂತೂ ದೊಡ್ಡದೊಂದು ಪಾಲು. ಎಲ್ಲವೂ ಕೊನೆಗೆ ಉಷ್ಣವಾಗಿ ಹರಡಿಹೋದುವು.

ಈ ಬಿಸಿಯು ಬರಿಯ ಲೆಕ್ಕದ ಮಾತಲ್ಲ. ಬೆಟ್ಟದ ಬೈಸಿಕಲ್ಲು ಹುಟ್ಟಿದ ಕ್ಯಾಲಿಫೋರ್ನಿಯದ ಮರೀನ್ ಪ್ರಾಂತದಲ್ಲಿ 1976ರ ಅಕ್ಟೋಬರಿನಲ್ಲಿ ಆರಂಭವಾದ ಇಳಿಜಾರು ಪಂದ್ಯವೊಂದಕ್ಕೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ದಪ್ಪ ಟೈರಿನ ಹಳೆಯ ಬೈಸಿಕಲ್ಲುಗಳಲ್ಲಿ ಒಂದು ಸಲ ಇಳಿದರೆ, ಚಕ್ರದ ಗುಂಬದಲ್ಲಿದ್ದ ಬ್ರೇಕಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಹೊಸ ಗ್ರೀಸನ್ನು ತುಂಬಬೇಕಾಗುತ್ತಿತ್ತು. ಹೆಸರು ಬಂದುದು ಇದರಿಂದ.

ಹೀಗೆ ಇಳಿಜಾರಿನಲ್ಲಿ ಶಕ್ತಿಗೆ ಬರವಿಲ್ಲ. ಗ್ವಿನ್ ಚೈನಿಲ್ಲದೆ ಗೆದ್ದುದರ ಗುಟ್ಟು ಇದೇ: ಬೆಟ್ಟವೇ ಅವನನ್ನು ಎಳೆಯುತ್ತಿತ್ತು. ಆದರೆ ಎಲ್ಲಿ ತಿರುಗಬೇಕು, ಎಷ್ಟು ನಿಧಾನಿಸಬೇಕು ಎಂಬುದನ್ನು ನೆರವೇರಿಸಿಕೊಡುವುದು ಟೈರು ಮತ್ತು ನೆಲಗಳ ನಡುವಣ ಘರ್ಷಣೆಯೊಂದೇ.

ರಬ್ಬರಿನ ಒಳನಷ್ಟ

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟು ಪಡೆದವನು ರಾಬರ್ಟ್ ತಾಮ್ಸನ್, 1845ರಲ್ಲಿ. ಅದು ಬಳಕೆಗೆ ಬಾರದೆ ಮರೆತುಹೋಯಿತು. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬಾತನು ತನ್ನ ಮಗನ ಮೂರು ಚಕ್ರದ ಬಂಡಿಗಾಗಿ ಅದನ್ನು ಸ್ವತಂತ್ರವಾಗಿ ಮತ್ತೆ ಕಂಡುಹಿಡಿದು 1888ರಲ್ಲಿ ಪೇಟೆಂಟು ಪಡೆದನು. ಅವನು ಮಾಡಿದ ಪ್ರಯೋಗವು ಬಹು ಸರಳ. ಮರದ ಬಿಲ್ಲೆಯೊಂದರ ಅಂಚಿಗೆ ಗಾಳಿ ತುಂಬಿದ ರಬ್ಬರು ಕೊಳವೆಯನ್ನು ಸುತ್ತಿ ಬಟ್ಟೆಯಿಂದ ಬಿಗಿದು, ಅದನ್ನೂ ಗಟ್ಟಿ ರಬ್ಬರಿನ ಚಕ್ರವನ್ನೂ ಅಂಗಳದಲ್ಲಿ ಉರುಳಿಸಿದನು. ಗಟ್ಟಿ ರಬ್ಬರಿನದು ನಡುದಾರಿಯಲ್ಲಿ ಮಗುಚಿತು. ಗಾಳಿಯದು ಅಂಗಳದ ಕೊನೆಯವರೆಗೆ ಹೋಗಿ ಬಾಗಿಲಿಗೆ ಬಡಿಯಿತು.

ಚಕ್ರವು ಉರುಳುವಾಗ ನೆಲಕ್ಕೆ ತಾಗಿದ ಭಾಗದ ರಬ್ಬರು ಚಪ್ಪಟೆಯಾಗುವುದು. ಮುಂದೆ ಸಾಗಿದೊಡನೆ ಮತ್ತೆ ಮೊದಲಿನ ಆಕಾರಕ್ಕೆ ಬರುವುದು. ಅಮುಕಲು ನಾವು ವ್ಯಯಮಾಡಿದ ಶಕ್ತಿಯನ್ನು ರಬ್ಬರು ಪೂರ್ತಿಯಾಗಿ ಹಿಂದಿರುಗಿಸದು. ಒಂದಂಶವನ್ನು ತನ್ನಲ್ಲೇ ಉಷ್ಣವಾಗಿ ಉಳಿಸಿಕೊಳ್ಳುವುದು. ಇದಕ್ಕೆ ವಿಜ್ಞಾನದಲ್ಲಿ ‘ಹಿಸ್ಟೆರಿಸಿಸ್’ ಎಂದು ಹೆಸರು. ನಾವು ಇದನ್ನು ‘ಒಳನಷ್ಟ’ ಎನ್ನೋಣ. ಆಟದ ರಬ್ಬರು ಚೆಂಡನ್ನೂ ಪೆನ್ಸಿಲಿನ ಗುರುತನ್ನು ಅಳಿಸುವ ರಬ್ಬರನ್ನೂ ಒಂದೇ ಎತ್ತರದಿಂದ ಬೀಳಿಸಿ ನೋಡಿರಿ. ಚೆಂಡು ಎತ್ತರಕ್ಕೆ ಪುಟಿಯುವುದು. ಅಳಿಸುವ ರಬ್ಬರು ಅಷ್ಟಾಗಿ ಪುಟಿಯದು. ಎರಡನೆಯದರಲ್ಲಿ ಒಳನಷ್ಟ ಹೆಚ್ಚು. ಡನ್‌ಲಪ್ಪನ ಟೈರಿನಲ್ಲಿ ಅಮುಕುವಿಕೆಯ ಬಹುಭಾಗವನ್ನು ಗಾಳಿಯು ಹೊತ್ತುಕೊಂಡಿತು. ಗಾಳಿಗೆ ಒಳನಷ್ಟ ತೀರ ಅಲ್ಪ. ಆದುದರಿಂದಲೇ ಅದು ದೂರ ಓಡಿತು.

ಹಾಗಾದರೆ ಚೆನ್ನಾಗಿ ಪುಟಿಯುವ ರಬ್ಬರಿನಿಂದಲೇ ಟೈರನ್ನು ಮಾಡಿಬಿಡಬಹುದಲ್ಲ? ತೊಡಕು ಇರುವುದು ಇಲ್ಲಿಯೇ. ಘರ್ಷಣೆಯು ಸಂಪರ್ಕದ ವಿಸ್ತೀರ್ಣವನ್ನು ಅವಲಂಬಿಸದು, ಭಾರಕ್ಕೆ ಮಾತ್ರ ಅನುಪಾತವಾಗಿರುವುದು ಎಂದು ಫ್ರಾನ್ಸಿನ ಅಮೊಂಟೊನ್ 1699ರಲ್ಲಿ ಹೇಳಿದ ನಿಯಮವನ್ನು ವಿದ್ಯಾರ್ಥಿಗಳು ಓದಿರುವರು. ಮರಕ್ಕೂ ಕಬ್ಬಿಣಕ್ಕೂ ಇದು ಮಟ್ಟಸವಾಗಿ ಹೊಂದುವುದು. ರಬ್ಬರು ಮಾತ್ರ ಈ ನಿಯಮಕ್ಕೆ ತಲೆಬಾಗದು. ರಬ್ಬರು ಹಿಡಿಯುವುದು ಎರಡು ಬಗೆಯಲ್ಲಿ. ಮೊದಲನೆಯದಾಗಿ, ಅದು ಮೃದುವಾದ್ದರಿಂದ ಕಲ್ಲಿನ ಮೈಗೆ ಒತ್ತಿ, ಅಣುಗಳ ಆಕರ್ಷಣೆಯಿಂದ ಅಂಟಿಕೊಳ್ಳುವುದು. ಎರಡನೆಯದಾಗಿ, ಕಲ್ಲಿನ ಸಣ್ಣ ಸಣ್ಣ ಉಬ್ಬುಗಳ ಮೇಲೆ ಜಾರಹೊರಟ ರಬ್ಬರು ಪ್ರತಿ ಉಬ್ಬಿನಲ್ಲೂ ಅಮುಕಿ ಬಿಡುಗಡೆಯಾಗುವುದು, ಆಗ ಒಳನಷ್ಟವಾಗುವುದು, ನಷ್ಟವಾದ ಶಕ್ತಿಯೇ ಜಾರುವಿಕೆಗೆ ತಡೆಯಾಗುವುದು. ಕಲ್ಲು ಒದ್ದೆಯಾದಾಗ ಅಂಟುವಿಕೆ ಕುಗ್ಗುತ್ತದೆ. ಆಗ ಈ ಎರಡನೆಯ ಬಗೆಯೇ ದಿಕ್ಕು. ಕೇಂಬ್ರಿಜ್ಜಿನ ಡೇವಿಡ್ ಟೇಬರ್ ಮತ್ತು ಅವರ ಸಂಗಡಿಗರು 1950ರ ದಶಕದಲ್ಲಿ ರಬ್ಬರಿನ ಮೇಲೆ ಗುಂಡುಗಳನ್ನು ಉರುಳಿಸಿಯೂ ಜಾರಿಸಿಯೂ ಇದನ್ನು ತೋರಿಸಿಕೊಟ್ಟರು.

ಹೀಗೆ, ಉರುಳುವಾಗ ವೇಗವನ್ನು ಕದಿಯುವ ಒಳನಷ್ಟವೇ ಜಾರುವಾಗ ನಮ್ಮನ್ನು ಕಾಪಾಡುತ್ತದೆ. ಹಿಡಿತ ಮತ್ತು ಓಟಗಳ ವಿರೋಧಕ್ಕೆ ಮೂಲಕಾರಣ ಇದೇ ಆಗಿದೆ.

ಆದರೂ ವಿರೋಧವು ಸಂಪೂರ್ಣವಲ್ಲ. ಚಕ್ರವು ಸೆಕೆಂಡಿಗೆ 10 ಮೀಟರು ವೇಗದಲ್ಲಿ ಉರುಳುವಾಗ ನೆಲಕ್ಕೆ ತಾಗುವ ಭಾಗವು 10 ಸೆಂಟಿಮೀಟರು ಉದ್ದವಿದ್ದರೆ, ರಬ್ಬರಿನ ಒಂದು ಬಿಂದುವು ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಅಮುಕಿ ಬಿಡುಗಡೆಯಾಗುವುದು. ಆದರೆ ಸೆಕೆಂಡಿಗೆ 1 ಮೀಟರಿನಂತೆ ಜಾರುತ್ತ, ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಉಬ್ಬುಗಳನ್ನು ದಾಟುವಾಗ ಅದು ಸೆಕೆಂಡಿಗೆ 10,000 ಸಲ ಅಮುಕಬೇಕು. ರಬ್ಬರಿನ ಒಳನಷ್ಟವು ಎಲ್ಲ ಕಂಪನಗಳಿಗೂ ಒಂದೇ ಆಗಿರುವುದಿಲ್ಲ. ಉಷ್ಣತೆಗೆ ತಕ್ಕಂತೆಯೂ ಅದು ಬದಲಾಗುವುದು. ಕೆ. ಎ. ಗ್ರಾಷ್ ಎಂಬ ವಿಜ್ಞಾನಿ 1963ರಲ್ಲಿ ಪ್ರಕಟಿಸಿದ ಪ್ರಯೋಗಗಳು ರಬ್ಬರಿನ ಘರ್ಷಣೆಯು ವೇಗ ಮತ್ತು ಉಷ್ಣತೆಗಳನ್ನು ಅವಲಂಬಿಸುವ ಬಗೆಯನ್ನು ಸ್ಪಷ್ಟಪಡಿಸಿದುವು. ನಿಧಾನ ಕಂಪನಕ್ಕೆ ಕಡಮೆ ನಷ್ಟ, ಶೀಘ್ರ ಕಂಪನಕ್ಕೆ ಹೆಚ್ಚು ನಷ್ಟವಿರುವಂತೆ ರಬ್ಬರನ್ನು ಬೆರಸಬಲ್ಲವನು ಎರಡು ಗುಣಗಳನ್ನೂ ಒಂದಿಷ್ಟು ಸೇರಿಸಬಲ್ಲನು. ಮಿಷಲೀನ್ ಕಂಪನಿಯು 1992ರಲ್ಲಿ ಮಸಿಯ ಪುಡಿಗೆ ಬದಲಾಗಿ ಸಿಲಿಕವನ್ನು ಬೆರಸಿ ಕಾರುಗಳ ಟೈರನ್ನು ತಂದುದು ಈ ದಾರಿಯಲ್ಲಿಯೇ. ಬೈಸಿಕಲ್ ಟೈರುಗಳಲ್ಲಿ ಇನ್ನೊಂದು ಉಪಾಯವೂ ಉಂಟು: ತಳದಲ್ಲಿ ಗಟ್ಟಿ ರಬ್ಬರು, ನೆಲಕ್ಕೆ ತಾಗುವ ಮೇಲ್ಪದರದಲ್ಲಿ ಮೆದು ರಬ್ಬರು.

ಯಾವುದು ಲಾಭ?

ಈಗ ಎರಡು ಟೈರುಗಳನ್ನು ತೂಗಿ ನೋಡೋಣ. ಲೆಕ್ಕಕ್ಕಾಗಿ ಅಂಕಿಗಳನ್ನು ನಾವೇ ಇಟ್ಟುಕೊಳ್ಳುತ್ತೇವೆ. ಗಟ್ಟಿ ಟೈರಿನ ಉರುಳು ಘರ್ಷಣೆಯ ಗುಣಾಂಕ 0.010, ಮೆದು ಟೈರಿನದು 0.015 ಎಂದಿರಲಿ. ಸವಾರಸಹಿತ 100 ಕಿಲೋಗ್ರಾಂ ಭಾರಕ್ಕೆ ತಡೆಬಲಗಳು ಸುಮಾರು 10 ಮತ್ತು 15 ನ್ಯೂಟನ್. ಅಂತರ 5 ನ್ಯೂಟನ್. ಫೋರ್ಟ್ ವಿಲಿಯಂ ದಾರಿಯಲ್ಲಿ ಬೆಟ್ಟವು ಸವಾರನನ್ನು ಕೆಳಕ್ಕೆ ಎಳೆಯುವ ಬಲವು ಸರಾಸರಿ 190 ನ್ಯೂಟನ್ನಿಗೂ ಮಿಗಿಲು. ಅದರ ಮುಂದೆ 5 ನ್ಯೂಟನ್ ನೂರಕ್ಕೆ ಮೂರರಷ್ಟೂ ಅಲ್ಲ.

ಇನ್ನು ತಿರುವು. ಸಮತಲದ ತಿರುವಿನಲ್ಲಿ ಜಾರದೆ ಹೋಗಬಹುದಾದ ಅತ್ಯಧಿಕ ವೇಗದ ವರ್ಗವು ಘರ್ಷಣ ಗುಣಾಂಕ, ಗುರುತ್ವದ ವೇಗೋತ್ಕರ್ಷ, ತಿರುವಿನ ತ್ರಿಜ್ಯ ಇವುಗಳ ಗುಣಲಬ್ಧಕ್ಕೆ ಸಮ. 8 ಮೀಟರು ತ್ರಿಜ್ಯದ ತಿರುವಿನಲ್ಲಿ ಗುಣಾಂಕವು 0.7 ಇರುವ ಗಟ್ಟಿ ಟೈರಿಗೆ ಆ ವೇಗ ಸೆಕೆಂಡಿಗೆ 7.4 ಮೀಟರು, 0.8 ಇರುವ ಮೆದು ಟೈರಿಗೆ 7.9 ಮೀಟರು. ತಿರುವು ಮುಗಿದ ಮೇಲೆ ನೇರವಾದ ದಾರಿ ಇದೆ, ಅದರ ಅಲ್ಪ ಇಳಿಜಾರು ಗಟ್ಟಿ ಟೈರಿನವನ ವೇಗವನ್ನು ಹೆಚ್ಚಿಸದೆ ಕುಗ್ಗಿಸದೆ ಕಾಪಾಡುವಷ್ಟು ಮಾತ್ರ ಇದೆ ಎಂದುಕೊಳ್ಳಿರಿ. ಮೆದು ಟೈರಿನವನು 5 ನ್ಯೂಟನ್ ಹೆಚ್ಚಿನ ತಡೆಯಿಂದ ಸೆಕೆಂಡು ಸೆಕೆಂಡಿಗೂ 0.05 ಮೀಟರಿನಷ್ಟು ವೇಗವನ್ನು ಕಳೆದುಕೊಳ್ಳುತ್ತ ಹೋಗುವನು. ಹಿಂದಿನವನು ಅವನನ್ನು ಹಿಡಿಯುವುದೆಂದಿಗೆ? ಲೆಕ್ಕ ಹಾಕಿದರೆ 20 ಸೆಕೆಂಡುಗಳ ಅನಂತರ, ಸುಮಾರು 150 ಮೀಟರು ಸಾಗಿದ ಮೇಲೆ! ಅಷ್ಟರೊಳಗೆ ಇನ್ನೊಂದು ತಿರುವು ಬಂದರೆ ಮೆದು ಟೈರಿನವನು ಇನ್ನೂ ಮುಂದೆ ಹೋಗುವನು.

ವಾಚಕರು ಇದರ ಮತ್ತೊಂದು ಮಗ್ಗುಲನ್ನೂ ಗಮನಿಸಬೇಕು. ತಿರುವುಗಳು ವಿರಳವಾಗಿ, ಸಪಾಟಾದ ದಾರಿ ಅರ್ಧ ಕಿಲೋಮೀಟರು ಮುಂದುವರಿದರೆ ಗಟ್ಟಿ ಟೈರಿನದೇ ಮೇಲುಗೈ. ಆದುದರಿಂದ ಟೈರನ್ನು ಆರಿಸುವ ಮೊದಲು ದಾರಿಯನ್ನು ನೋಡಬೇಕು.

ಮುಂದಿನ ಚಕ್ರ, ಹಿಂದಿನ ಚಕ್ರ

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಎಡಗೈಗೆ ಜೋಲಿ ಕಟ್ಟಿಕೊಂಡು ಬಂದನು. ಕಾಫಿ ತೋಟದ ಮಗ್ಗುಲ ಕಾಲುದಾರಿಯಲ್ಲಿ ಬೆಟ್ಟದ ಬೈಸಿಕಲ್ಲಿನಲ್ಲಿ ಇಳಿಯುವಾಗ ಬಿದ್ದು ಭುಜದ ಬಳಿಯ ಎಲುಬು ಮುರಿದಿತ್ತು.

“ಟೈರು ಹೊಸದಲ್ಲವೇನಪ್ಪಾ?” ಎಂದು ಕೇಳಿದೆವು.

“ಹಿಂದಿನದು ಹೊಸದು ಸಾರ್. ಒಂದೇ ಕೊಳ್ಳಲು ದುಡ್ಡಿತ್ತು. ಪೆಡಲಿನ ಬಲ ಹಿಂದಿನ ಚಕ್ರಕ್ಕೇ ತಾನೆ ಹೋಗುವುದು? ಅದಕ್ಕೇ ಹೊಸದನ್ನು ಹಿಂದಕ್ಕೆ ಹಾಕಿ, ಸವೆದುದನ್ನು ಮುಂದಕ್ಕೆ ಹಾಕಿಸಿದೆ.”

ಅವನ ತರ್ಕವು ಏರುದಾರಿಗೆ ಸರಿ, ಇಳಿಜಾರಿಗೆ ತಪ್ಪು. ಎರಡು ಚಕ್ರಗಳೂ ಮೊದಲು ಸಮಭಾರವನ್ನು ಹೊತ್ತಿವೆ ಎಂದುಕೊಳ್ಳೋಣ. ಸವಾರನ ಗುರುತ್ವಕೇಂದ್ರವು ನೆಲದಿಂದ 1.1 ಮೀಟರು ಎತ್ತರದಲ್ಲಿ, ಚಕ್ರಗಳ ನಡುವಣ ಅಂತರ 1.25 ಮೀಟರು ಇರುವಾಗ, ಗುರುತ್ವದ ವೇಗೋತ್ಕರ್ಷದ ಅರ್ಧದಷ್ಟು ಬಿರುಸಾಗಿ ಬ್ರೇಕು ಹಾಕಿದರೆ ಒಟ್ಟು ಭಾರದಲ್ಲಿ ನೂರಕ್ಕೆ 44ರಷ್ಟು ಹಿಂದಿನ ಚಕ್ರದಿಂದ ಮುಂದಿನದಕ್ಕೆ ವರ್ಗವಾಗುವುದು. ಆಗ ಮುಂದಿನ ಚಕ್ರವೇ ನೂರಕ್ಕೆ 94 ಪಾಲನ್ನು ಹೊರುವುದು. ಘರ್ಷಣೆಯ ಕೆಲಸವೆಲ್ಲ ಬಹುಮಟ್ಟಿಗೆ ಅದರದೇ.

ಅಷ್ಟೇ ಅಲ್ಲ. ಬೈಸಿಕಲ್ಲು ಬೀಳದಿರುವುದು ಸವಾರನು ಹ್ಯಾಂಡಲನ್ನು ತಿರುಗಿಸಿ, ವಾಲಿದ ಕಡೆಗೆ ಚಕ್ರವನ್ನು ತಂದು ತನ್ನ ಭಾರದ ಕೆಳಗೆ ನಿಲ್ಲಿಸುವುದರಿಂದ. ಹಿಂದಿನ ಚಕ್ರ ಜಾರಿದರೆ ಮುಂದಿನದರಿಂದ ತಿದ್ದಿಕೊಳ್ಳಲು ಅವಕಾಶವುಂಟು. ಮುಂದಿನದೇ ಜಾರಿದರೆ ತಿದ್ದುವ ಸಾಧನವೇ ಕೈಬಿಟ್ಟಂತಾಗಿ, ಸವಾರನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನೆಲಕ್ಕೆ ಬೀಳುವನು. ನಮ್ಮ ವಿದ್ಯಾರ್ಥಿಗೆ ಆದುದು ಇದೇ.

ಇನ್ನು ಸಪಾಟಿನಲ್ಲಿ ಕುಳಿತು ಪೆಡಲು ತುಳಿಯುವಾಗ ಭಾರವು ಹಿಂದಿನ ಚಕ್ರದ ಮೇಲೆಯೇ ಹೆಚ್ಚು. ಉರುಳು ಘರ್ಷಣೆಯೂ ಅಲ್ಲಿಯೇ ಹೆಚ್ಚು. ಆದ್ದರಿಂದ ಓಟಕ್ಕಾಗಿ ಮಾಡುವ ಉಳಿತಾಯವನ್ನು ಹಿಂದಿನ ಚಕ್ರದಲ್ಲಿ ಮಾಡಿದರೆ ಲಾಭ ಅಧಿಕ, ಅಪಾಯ ಅಲ್ಪ. ಮುಂದಕ್ಕೆ ಅತ್ಯಂತ ಮೆದುವಾದ ರಬ್ಬರು, ಹಿಂದಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಗಟ್ಟಿಯಾದ ರಬ್ಬರು ಎಂಬುದು ಅನುಭವಸ್ಥರ ವಾಡಿಕೆಯಾಗಿದ್ದರೆ ಅದಕ್ಕೆ ಇದೇ ಆಧಾರ. ಮ್ಯಾಕ್ಸಿಸ್ ಕಂಪನಿಯ ‘ಮ್ಯಾಕ್ಸ್‌ಗ್ರಿಪ್’ ಮೆದು ಬಗೆ, ‘ಮ್ಯಾಕ್ಸ್‌ಟೆರಾ’ ಮಧ್ಯಮ. ರಬ್ಬರಿನ ಗಡಸುತನವನ್ನು ‘ಶೋರ್’ ಎಂಬ ಅಳತೆಯಿಂದ ಹೇಳುವುದೂ ಉಂಟು: 42ರ ಸುತ್ತಿನದು ಮೆದು, 60ರದು ಗಡಸು. ಆದರೆ ಗಡಸುತನವೇ ಒಳನಷ್ಟವಲ್ಲವಾದುದರಿಂದ ಈ ಅಂಕಿಯೊಂದನ್ನೇ ನಂಬಲಾಗದು.

ಹಲ್ಲು, ಒಡಲು, ಗಾಳಿ

ಬಂಡೆಯ ಮೇಲೆ ರಬ್ಬರಿನ ಗುಣ ಮುಖ್ಯ. ಮಣ್ಣಿನ ಮೇಲೆ ಆಕಾರ ಮುಖ್ಯ. ಟೈರಿನ ಮೈಮೇಲೆ ಎದ್ದುನಿಂತ ಗುಬುಟುಗಳನ್ನು ‘ಹಲ್ಲು’ ಎನ್ನೋಣ. ಅವು ಮಣ್ಣಿನೊಳಗೆ ಹೊಕ್ಕು ಅದನ್ನು ಕಚ್ಚಿ ಹಿಡಿಯುವುವು. ಕೆಸರಿಗೆ ಎತ್ತರವಾದ, ವಿರಳವಾದ ಹಲ್ಲುಗಳು ಬೇಕು. ಒತ್ತಾಗಿದ್ದರೆ ನಡುವೆ ಮಣ್ಣು ಮೆತ್ತಿಕೊಂಡು ಟೈರು ನುಣ್ಣಗಾಗುವುದು. ಗಟ್ಟಿ ನೆಲದಲ್ಲಿ ಅದೇ ಎತ್ತರದ ಹಲ್ಲುಗಳು ಬಾಗಿ ಬಳುಕಿ, ಹಿಡಿತವನ್ನೂ ಓಟವನ್ನೂ ಕೆಡಿಸುವುವು. ಆದ್ದರಿಂದ ಅರೆಬರೆ ಒಣಗಿದ ದಾರಿಯಲ್ಲಿ ಪಂದ್ಯದವರು ಕೆಸರು ಟೈರಿನ ಹಲ್ಲುಗಳನ್ನು ಕತ್ತರಿಸಿ ಗಿಡ್ಡಮಾಡಿಕೊಳ್ಳುವುದುಂಟು. ನೆಟ್ಟಗೆ ಓಡುವಾಗ ತಾಗುವುದು ನಡುವಿನ ಹಲ್ಲುಗಳ ಸಾಲು. ವಾಲಿದಾಗ ತಾಗುವುದು ಅಂಚಿನ ಸಾಲು. ನಡುವಿನವು ಗಿಡ್ಡವಾಗಿ, ಮುಂಭಾಗ ಇಳಿಜಾರಾಗಿದ್ದು, ಅಂಚಿನವು ದೃಢವಾಗಿದ್ದರೆ ಓಟಕ್ಕೂ ಹಿಡಿತಕ್ಕೂ ಒಂದು ಮಟ್ಟಿನ ರಾಜಿಯಾದಂತೆ.

ಗಾಳಿಯ ಒತ್ತಡವನ್ನು ಬದಲಿಸಲು ದುಡ್ಡು ಬೇಕಿಲ್ಲ. ಒಂದು ಚಕ್ರದ ಮೇಲೆ 50 ಕಿಲೋಗ್ರಾಂ ಭಾರವಿದ್ದು, ಒತ್ತಡವು ಚದರ ಅಂಗುಲಕ್ಕೆ 25 ಪೌಂಡು ಇದ್ದರೆ ನೆಲಕ್ಕೆ ತಾಗುವ ವಿಸ್ತೀರ್ಣ ಸುಮಾರು 28 ಚದರ ಸೆಂಟಿಮೀಟರು. 30 ಪೌಂಡು ಇದ್ದರೆ ಸುಮಾರು 24. ಒತ್ತಡ ಕಡಮೆಯಾದಷ್ಟೂ ಹಿಡಿತ ಹೆಚ್ಚು. ನುಣುಪು ಡಾಂಬರಿನಲ್ಲಿ ಇದರಿಂದ ಓಟ ಕುಗ್ಗುವುದು ನಿಜ. ಆದರೆ ಕಲ್ಲುದಾರಿಯಲ್ಲಿ ಗಟ್ಟಿಯಾಗಿ ಗಾಳಿ ತುಂಬಿದ ಟೈರು ಪ್ರತಿ ಕಲ್ಲಿಗೂ ಸವಾರನನ್ನು ಎತ್ತಿ ಕುಕ್ಕುವುದು; ಮೆದುವಾದುದು ಕಲ್ಲನ್ನು ತನ್ನೊಳಗೆ ಅಡಗಿಸಿಕೊಂಡು ಸಾಗುವುದು. ಅಲ್ಲಿ ಕಡಮೆ ಒತ್ತಡವೇ ವೇಗವಾಗುವುದೂ ಉಂಟು.

ಹಾಗೆಂದು ಮಿತಿಮೀರಿ ಇಳಿಸಿದರೆ ಕಲ್ಲು ಟೈರನ್ನು ಒತ್ತಿ ರಿಮ್ಮಿಗೆ ಬಡಿಯುವುದು; ತಿರುವಿನಲ್ಲಿ ಟೈರಿನ ಪಕ್ಕಗಳು ಮಡಿಸುವುವು. ಇದನ್ನು ತಡೆಯಲೆಂದೇ ಇಳಿಜಾರಿನ ಟೈರಿನ ಒಡಲಿನಲ್ಲಿ ನೂಲಿನ ಪದರಗಳು ಇಮ್ಮಡಿಯಾಗಿರುವುವು. ಅಂಥ ಟೈರೊಂದರ ತೂಕ ಸಾಮಾನ್ಯವಾಗಿ 1,200 ಗ್ರಾಮಿಗೂ ಮೇಲೆ. ಈ ತೂಕವನ್ನು ಕಂಡು ಹಗುರವಾದುದನ್ನು ಆರಿಸುವ ಆಸೆ ಹುಟ್ಟುವುದು ಸಹಜ. 2014ರ ಲಿಯೋಗಾಂಗನ್ನು ಆಗ ನೆನೆಯಬೇಕು. ಗಾಳಿ ಹೋದ ಟೈರಿಗೆ ಹಿಡಿತವೂ ಇಲ್ಲ, ಓಟವೂ ಇಲ್ಲ. ಕಲ್ಲುಗಳಿಗೆ ಹೆಚ್ಚಾಗಿ ಬಡಿಯುವುದು ಹಿಂದಿನ ಚಕ್ರ. ಆದುದರಿಂದ ರಬ್ಬರಿನಲ್ಲಿ ಮಾಡಿದ ಉಳಿತಾಯವನ್ನು ಹಿಂದಿನ ಟೈರಿನ ಒಡಲಿನಲ್ಲಿ ಮಾಡಲಾಗದು.

ನೀವೇ ಮಾಡಿ ನೋಡಿರಿ

ಇಷ್ಟನ್ನೂ ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ. ವಾಹನಗಳ ಸಂಚಾರವಿಲ್ಲದ ಸಣ್ಣ ಇಳಿಜಾರೊಂದನ್ನು ಹುಡುಕಿರಿ. ಕಾಲೇಜಿನ ಅಂಗಳದಲ್ಲಿಯೇ ಸಿಕ್ಕೀತು. ನಿಮ್ಮ ಸಾಮಾನ್ಯ ಬೈಸಿಕಲ್ಲಿನ ಮೇಲೆ ಕುಳಿತು, ಒಂದೇ ಗುರುತಿನಿಂದ, ಪೆಡಲು ತುಳಿಯದೆ ಬಿಡಿರಿ. ಕೆಳಗಿನ ಸಮನೆಲದಲ್ಲಿ ಎಷ್ಟು ದೂರ ಹೋಗಿ ನಿಲ್ಲುವುದೆಂದು ಅಳೆಯಿರಿ. ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ, ಪ್ರತಿ ಒತ್ತಡಕ್ಕೂ ಐದು ಸಲ ಮಾಡಿ ಸರಾಸರಿಯನ್ನು ಬರೆದುಕೊಳ್ಳಿರಿ. ಇದನ್ನೇ ಡಾಂಬರಿನ ಮೇಲೂ, ಆಟದ ಮೈದಾನದ ಒರಟು ನೆಲದ ಮೇಲೂ ಮಾಡಿ, ಎರಡು ನಕ್ಷೆಗಳನ್ನು ಎಳೆದು ಹೋಲಿಸಿರಿ. ಡನ್‌ಲಪ್ಪನು ತನ್ನ ಅಂಗಳದಲ್ಲಿ ಮಾಡಿದುದು ಇದಕ್ಕಿಂತ ದೊಡ್ಡದೇನೂ ಆಗಿರಲಿಲ್ಲ.

ನಮ್ಮ ವಿದ್ಯಾರ್ಥಿಯ ಎಲುಬು ಈಗ ಕೂಡಿಕೊಂಡಿದೆ. ಮೊನ್ನೆ ಅವನು ಬೈಸಿಕಲ್ಲನ್ನು ತಂದು ತೋರಿಸಿದನು. ಹೊಸದನ್ನೇನೂ ಕೊಂಡಿರಲಿಲ್ಲ, ಎರಡು ಟೈರುಗಳನ್ನೂ ಅದಲುಬದಲು ಮಾಡಿದ್ದನು. ಸವೆದ ಟೈರನ್ನೂ ಬದಲಾಯಿಸುವವರೆಗೆ ತೋಟದ ದಾರಿಯಲ್ಲಿ ಇಳಿಯುವುದಿಲ್ಲವೆಂದು ತಾನಾಗಿಯೇ ಹೇಳಿದನು.